ಪರಕಾಯಪ್ರವೇಶ ಮೀಮಾಂಸೆ, ಅರ್ಥಾತ್ ಫೈಲು ನಕಲಿಸುವವರ ಪಾಡು ಕುರಿತ ಶಾಸ್ತ್ರವಿಚಾರ

ಪೀಠಿಕೆ: ಫೈಲು ನಕಲಿಸುವುದೆಂದರೆ ಪಾಮರರಿಗೆ ಎರಡು ಕೀಲಿ ಒತ್ತುವ ಕೆಲಸ; ಬಲ್ಲವರಿಗೆ ಪರಕಾಯಪ್ರವೇಶ. ಹಳೆಯ ದೇಹವೂ ಹಾಗೇ ಉಳಿಯುವುದರಿಂದ ಇದು ಯೋಗಿಗಳಿಗೂ ಎಟುಕದ ಸಿದ್ಧಿ. ಆದರೆ ಜೀವದ ಜೊತೆಗೆ ಹುಟ್ಟಿದ ಗಳಿಗೆ, ಒಡೆಯನ ಹೆಸರು, ಹಣೆಬರಹ ಇವೂ ಹೋಗುತ್ತವೆಯೇ ಎಂಬುದು ವಿಚಾರಣೀಯ.

ಮತಭೇದ: ಯುನಿಕ್ಸಿನವರು ನಿರ್ಗುಣವಾದಿಗಳು. ಫೈಲೆಂದರೆ ಬೈಟುಗಳ ಸಾಲು, ಮಿಕ್ಕಿದ್ದೆಲ್ಲ ಮಾಯೆ. ಮ್ಯಾಕಿಂಟಾಷ್ ಅಪ್ಪಟ ದ್ವೈತ: ಡೇಟಾ ಫೋರ್ಕ್, ರಿಸೋರ್ಸ್ ಫೋರ್ಕ್ ಎಂಬ ಎರಡು ತತ್ತ್ವ, ಮೇಲೆ ಕುಲಕ್ಕೊಂದು ಗೋತ್ರಕ್ಕೊಂದು ನಾಲ್ಕಕ್ಷರದ ಮುದ್ರೆ. ವಿಂಡೋಸಿನ ಎನ್‌ಟಿಎಫ್‌ಎಸ್ ವಿಶಿಷ್ಟಾದ್ವೈತ: ಫೈಲು ಒಂದೇ, ಒಳಗೆ ಗುಪ್ತಗಾಮಿನಿಗಳು ಎಷ್ಟಾದರೂ.

2001ರಲ್ಲಿ ಮ್ಯಾಕ್ ಓಎಸ್ ಟೆನ್ ನಿರ್ಗುಣದ ಬುನಾದಿಯ ಮೇಲೆ ದ್ವೈತದ ಮನೆ ಕಟ್ಟಿತು. ಅನರ್ಥ ಶುರುವಾದದ್ದು ಅಲ್ಲಿ. ಹಳೆಯ ಮ್ಯಾಕ್ ಫಾಂಟುಗಳ ಸರ್ವಸ್ವವೂ ಇದ್ದದ್ದು ರಿಸೋರ್ಸ್ ಫೋರ್ಕಿನಲ್ಲಿ; ಸಿಪಿ ಎಂಬ ಆಜ್ಞೆಗೆ ಕಾಣುತ್ತಿದ್ದದ್ದು ಡೇಟಾ ಫೋರ್ಕ್ ಮಾತ್ರ. ಸ್ಕ್ರಿಪ್ಟು ಬರೆದು ರಾತ್ರಿಯಿಡೀ ಫಾಂಟು ಸಾಗಿಸಿದವನಿಗೆ ಬೆಳಿಗ್ಗೆ ಸಿಕ್ಕಿದ್ದು ಹೆಸರು ಬರೆದ ಖಾಲಿ ಡಬ್ಬಿಗಳು, ತೂಕ 0 ಬೈಟು. ಸಿಪಿ ತಪ್ಪೊಪ್ಪಿಕೊಳ್ಳಲೂ ಇಲ್ಲ. ಅದರ ದರ್ಶನದ ಪ್ರಕಾರ ಏನೂ ಕಳೆದಿರಲೇ ಇಲ್ಲ. ಪ್ರಾಯಶ್ಚಿತ್ತಕ್ಕೆ ಸಿಪಿಮ್ಯಾಕ್, ಡಿಟ್ಟೊ ಎಂಬ ಮಂತ್ರಗಳಿದ್ದವು. ಅವು ಒಲಿಯದವರು ಆಪಲ್‌ಸ್ಕ್ರಿಪ್ಟಿನಲ್ಲಿ ಫೈಂಡರನ ಕಾಲು ಹಿಡಿದರು. ಸಿಪಿಗೆ ಜ್ಞಾನೋದಯವಾದದ್ದು 2005ರಲ್ಲಿ, ಟೈಗರ್ ಅವತಾರದಲ್ಲಿ.

ಕಾಲನಿರ್ಣಯ: ಶಕೆಗಳು ಮೂರು. ಎನ್‌ಟಿಎಫ್‌ಎಸ್ ಶಕೆ 1601ರಿಂದ, ಹಳೆಯ ಮ್ಯಾಕ್ ಶಕೆ 1904ರಿಂದ, ಯುನಿಕ್ಸ್ ಶಕೆ 1970ರಿಂದ; ಮೂರಕ್ಕೂ ಯುಗಾದಿ ಮಾತ್ರ ಜನವರಿ 1. ಫ್ಯಾಟ್ ಪೆನ್‌ಡ್ರೈವಿನ ಪಂಚಾಂಗದಲ್ಲಂತೂ ತಿದ್ದುಪಡಿಗೆ ಬೆಸ ಸೆಕೆಂಡಿನ ಮುಹೂರ್ತವೇ ಇಲ್ಲ. ಹೀಗಾಗಿ ಬ್ಯಾಕಪ್ ಸ್ಕ್ರಿಪ್ಟು, ಕೂದಲೂ ಕೊಂಕದ ಫೈಲನ್ನು ಬದಲಾಗಿದೆಯೆಂದು ಬಗೆದು ದಿನವೂ ಹೊಸದಾಗಿ ಹೊರುತ್ತದೆ. ಒಂದು ಸೆಕೆಂಡಿನ ವ್ಯತ್ಯಾಸವನ್ನು ಹೊಟ್ಟೆಗೆ ಹಾಕಿಕೊಳ್ಳಪ್ಪಾ ಎಂದು ಆರ್‌ಸಿಂಕ್‌ಗೆ ಬೇರೆಯಾಗಿ ಬೋಧಿಸಬೇಕು.

ಪೂರ್ವಪಕ್ಷ: ಸಿಪಿಗೆ ಮೈನಸ್ ಪಿ ಹಚ್ಚಿದರೆ ಸಾಲದೇ? ಸಾಲದು. ಲಿನಕ್ಸಿನಲ್ಲಿ ಅದು ಒಡೆತನ, ಅನುಮತಿ, ವೇಳೆ ಇಷ್ಟನ್ನು ನೋಡಿಕೊಳ್ಳುತ್ತದೆ. ಮಿಕ್ಕ ಗುಣಗಳಿಗೆ ಮೈನಸ್ ಎ ಬೇಕು. ಅಲ್ಲದೆ ರೂಟ್ ಪಟ್ಟ ಕಟ್ಟಿಸಿಕೊಳ್ಳದವನು ಪರರ ಒಡೆತನ ಕಾಪಾಡಲು ಹೊರಟರೆ ಸಾಗಿಸಿದ್ದೆಲ್ಲ ಅವನದೇ ಆಗಿಬಿಡುತ್ತದೆ. ಇದು ಕಂಪ್ಯೂಟರಿಗೆ ಮಾತ್ರ ಸೀಮಿತವಾದ ವಿದ್ಯಮಾನವಲ್ಲ.

ಸಿದ್ಧಾಂತ: ಎಲ್ಲವನ್ನೂ ಉಳಿಸಿಕೊಂಡವನು ಪಾಪವನ್ನೂ ಉಳಿಸಿಕೊಳ್ಳುತ್ತಾನೆ. ಅಂತರ್ಜಾಲದಿಂದ ಇಳಿದ ಫೈಲಿಗೆ ವಿಂಡೋಸ್ ಝೋನ್ ಐಡೆಂಟಿಫೈಯರ್ ಎಂಬ ಕಳಂಕ ಹಚ್ಚುತ್ತದೆ. ಎನ್‌ಟಿಎಫ್‌ಎಸ್‌ನಿಂದ ಎನ್‌ಟಿಎಫ್‌ಎಸ್‌ಗೆ ಎಷ್ಟು ಜನ್ಮವೆತ್ತಿದರೂ ಅದು ಬೆನ್ನು ಬಿಡದು. ಫ್ಯಾಟ್ ಪೆನ್‌ಡ್ರೈವಿನಲ್ಲಿ ಒಮ್ಮೆ ಮುಳುಗಿ ಎದ್ದರೆ ಮಾತ್ರ ಪೂರ್ವಜನ್ಮದ ವಾಸನೆಯೂ ಇರದು. ಆದ್ದರಿಂದ ಸಂಸಾರಿಗಳಿಗೆ ಡಿಟ್ಟೊ, ಮುಮುಕ್ಷುಗಳಿಗೆ ಹಳೆಯ ಪೆನ್‌ಡ್ರೈವ್.

ಫಲಶ್ರುತಿ: ಪ್ರಸ್ತುತ ಪ್ರಬಂಧದ ಫೈಲು ಎರಡನೆಯ ಮಾರ್ಗದಲ್ಲೇ ಬಂದಿದೆ. ತನ್ನ ಒಡೆಯ ಯಾರೆಂದು ಅದಕ್ಕೀಗ ಗೊತ್ತಿಲ್ಲ. ಆಕ್ಷೇಪಣೆ ಇದ್ದವರು ಅದನ್ನೇ ಕೇಳಿಕೊಳ್ಳುವುದು.