ಸೂಟಿ ಇದ್ದಾಗ ಸಮುದ್ರ ಇಲ್ಲ, ಸಮುದ್ರ ಇದ್ದಾಗ ಸೂಟಿ ಇಲ್ಲ

ಓಣಿಯಲ್ಲಿ ಯಾರೋ ಒಬ್ಬರು ಹಡಗಿನ ಮೇಲೆ ಎರಡು ರಾತ್ರಿ ಇದ್ದು ಬಂದು, ಡೆಕ್ಕಿನ ತುದಿಯಲ್ಲಿ ಕೈ ಚಾಚಿ ನಿಂತ ಫೋಟೊ ಸ್ಟೇಟಸ್‌ಗೆ ಹಾಕಿದರೆ ಸಾಕು, ಉಳಿದ ಮನೆಗಳ ನೆಮ್ಮದಿ ಹಾಳು. ಕೇಶ್ವಾಪುರದ ನಮ್ಮ ಅಣ್ಣನ ಮನೆಯದೂ ಹಾಗೇ ಹಾಳಾಗಿದೆ. ದುಡ್ಡು ಕೂಡಿಸಿಟ್ಟಾಗಿದೆ, ಚಕ್ರದ ಬ್ಯಾಗು ಬಂದಿದೆ, ವಾಂತಿ ಗುಳಿಗೆ ಕೂಡ ಬಂದಿದೆ. ಬಾರದೇ ಇರುವುದು ತಾರೀಖು. ಮಗಳು ಅನುದಾನಿತ ಕನ್ನಡ ಶಾಲೆಯಲ್ಲಿ ಹತ್ತನೇತ್ತೆ, ಮಗ ಕೇಂದ್ರ ಪಠ್ಯಕ್ರಮದ ಶಾಲೆಯಲ್ಲಿ ಆರನೇತ್ತೆ, ವೈನಿ ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ಅಣ್ಣನದು ತೆರಿಗೆ ಲೆಕ್ಕದ ಕೆಲಸ, ಅವನನ್ನು ಯಾರೂ ಕೇಳುವುದಿಲ್ಲ.

ಟ್ರಾವೆಲ್ ಏಜೆಂಟರು ಅಕ್ಟೋಬರ್ ಅಂದರು, ಹವಾಮಾನ ಇಲಾಖೆ ಬೇಡ ಅಂದಿತು. ಕೊನೆಗೆ ನಾನು ಅಡುಗೆಮನೆಯ ಗೋಡೆ ಕ್ಯಾಲೆಂಡರನ್ನೇ ಕೇಳೋಣ ಅಂದುಕೊಂಡೆ. ದುರ್ಗದಬೈಲಿನ ಕಿರಾಣಿ ಅಂಗಡಿಯವರು ಕೊಟ್ಟ 2025ರ ಕ್ಯಾಲೆಂಡರ್. ಶಾಲೆಯ ಸೂಟಿಯೂ ಮಳೆಯ ನಕ್ಷತ್ರವೂ ಒಂದೇ ಹಾಳೆಯ ಮೇಲಿರುವ ಕಾಗದ ಈ ಮನೆಯಲ್ಲಿ ಅದೊಂದೇ. ಡಿಸೆಂಬರ್ ನಡೆದಿದೆ, ಅದರ ನಿವೃತ್ತಿಗೆ ಮೂರು ವಾರವೂ ಇಲ್ಲ. ನಿವೃತ್ತಿ ಹತ್ತಿರ ಬಂದವರು ಬಾಯಿ ಬಿಚ್ಚಿ ಮಾತಾಡುತ್ತಾರೆ.

ನಾನು: ನಮಸ್ಕಾರ್ರಿ. ನಮ್ಮ ಅಣ್ಣನ ಮನಿ ಮಂದಿ ಸಮುದ್ರದ ಮ್ಯಾಲೆ ಹೋಗಾಕ ಒಂದು ಚಲೋ ತಾರೀಖು ಹೇಳ್ರಿ.

ಕ್ಯಾಲೆಂಡರ್: ತಾರೀಖು ಆಮ್ಯಾಲೆ. ಮೊದಲ ಈ ತೂತು ನೋಡ್ರಿ. ಅಕ್ಟೋಬರ್ ಹಾಳಿ ಹಿಂದ ಮಡಚ್ಯಾರಲ್ಲ, ಅದನ್ನ ಎತ್ತ್ರಿ. ಎಂಟನೇ ತಾರೀಖಿನ ಚೌಕ. ಕಾಣತೈತೇನು?

ಕಂಡಿತು. ‘ಸಾಲಿ ಚಾಲೂ’ ಎಂದು ಬರೆದು, ಅಳಿಸಿ, ಮತ್ತೆ ಬರೆದು, ಮತ್ತೆ ರಬ್ಬರ್ ತಿಕ್ಕಿ ಕಾಗದ ಹರಿದಿತ್ತು. ತೂತಿನಾಚೆ ನವೆಂಬರದ ಹಾಲಿನ ಲೆಕ್ಕ ಇಣುಕುತ್ತಿತ್ತು.

ಕ್ಯಾಲೆಂಡರ್: ನಾ ಹೋದ ವರ್ಷ ದೀಪಾವಳಿ ಹೊತ್ತಿಗೆ ಅಚ್ಚಾದಾಂವ. ಹುಣ್ಣಿವಿ, ಅಮಾಸಿ, ಗ್ರಹಣ, ಎಲ್ಲಾ ತಾಸು-ನಿಮಿಷದ ಲೆಕ್ಕ. ಚಂದ್ರ ಒಂದ ದಿನಾನೂ ಸುತ್ತೋಲೆ ಕಳಿಸಿ ‘ನಾಳಿನ ಹುಣ್ಣಿವಿ ಮುಂದೂಡಲಾಗಿದೆ’ ಅಂದಿಲ್ರಿ. ಈ ಸಾಲಿ ಸೂಟಿ ಮಾತ್ರ! ದಸರಾ ಸೂಟಿ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರ ತನಕ ಅಂದ್ರು. ಸರಿ ಅಂದೆ. ಸೂಟಿ ಮುಗಿಯೋ ದಿನ ಜಾತಿ ಸಮೀಕ್ಷೆ ಮುಗಿದಿಲ್ಲ ಅಂತ ಸರ್ಕಾರಿ, ಅನುದಾನಿತ ಸಾಲಿಗೆ 18ರ ತನಕ ಸೂಟಿ ಎಳದ್ರು. ಮಗಳಿಗೆ ಸೂಟಿ, ಮಗನ ಸಾಲಿ ಚಾಲೂ. ತಾಯಿಗೆ? ತಾಯಿ ಓಣಿ ಓಣಿ ತಿರಗಿ ಕರೆಂಟ್ ಮೀಟರ್ ಬಾಜೂಕ ಹಚ್ಚಿದ ಸ್ಟಿಕ್ಕರ್ ಹುಡಕಾಕ ಹತ್ತಿದ್ರು. ಒಂದೊಂದ ಮನಿಗೆ 60 ಪ್ರಶ್ನಿ. ಸಂಜೀಕ ಬಂದು ಕಾಲು ಬಿಸಿ ನೀರಾಗ ಇಟ್ಕೊಂಡು ನನ್ನ ಕಡೆ ನೋಡತಿದ್ರು. ನಾನೇನೋ ತಪ್ಪು ಮಾಡೇನಿ ಅನ್ನೋ ಹಂಗ.

ನಾನು: ಅದಿರಲಿ, ಬಿರುಗಾಳಿ ವಿಷಯಕ್ಕ ಬರೋಣ. ಅರಬ್ಬಿ ಸಮುದ್ರ ಯಾವಾಗ ಕೆರಳತೈತಿ?

ಕ್ಯಾಲೆಂಡರ್: ಈ ವರ್ಷ ಅಕ್ಟೋಬರ್ 2ಕ್ಕ ವಿಜಯದಶಮಿನೂ ಅದ ದಿನ, ಗಾಂಧಿ ಜಯಂತಿನೂ ಅದ ದಿನ. ನನ್ನ ಒಂದು ಕೆಂಪು ಚೌಕ ಪುಕ್ಕಟೆ ಹೋತು. ಅದರ ಬದಲಿ ಸೂಟಿ ಯಾರಾರ ಕೊಟ್ರೇನು?

ನಾನು: ಬಿರುಗಾಳಿ.

ಕ್ಯಾಲೆಂಡರ್: ಅದಕ್ಕ ಬಂದೆ. ಮರುದಿನ, ಅಕ್ಟೋಬರ್ 3ಕ್ಕ, ಅರಬ್ಬಿ ಸಮುದ್ರದಾಗ ಚಂಡಮಾರುತ ಎದ್ದಿತು. ಹೆಸರು ‘ಶಕ್ತಿ’. ನಿಮ್ಮ ವೈನಿ ಟಿವಿ ನೋಡಿ, ಪುಕ್ಕಟೆ ಬಸ್ಸಿನ ಹಂಗ ಇದಕ್ಕೂ ಆಧಾರ್ ಕಾರ್ಡ್ ತೋರಸಬೇಕೇನು ಅಂತ ಕೇಳಿದ್ರು. ನೋಡ್ರಿ, ಇಷ್ಟು ವರ್ಷ ಈ ಗ್ವಾಡಿ ಮ್ಯಾಲೆ ನಮ್ಮ ವಂಶ ಜೋತು ಬಿದ್ದೈತಿ, ಒಂದು ಮಾತು ಹೇಳತೇನಿ. ಅರಬ್ಬಿ ಸಮುದ್ರದಾಗ ಚಂಡಮಾರುತ ಏಳೋದು ವರ್ಷಕ್ಕ ಎರಡು ಹಂಗಾಮಿನ್ಯಾಗ. ಮುಂಗಾರು ಬರೋ ಮುಂಚೆ ಮೇ-ಜೂನ್, ಮುಂಗಾರು ಹೋದ ಮ್ಯಾಲೆ ಅಕ್ಟೋಬರ್-ನವೆಂಬರ್. 2021ರ ಮೇ ನಡುವ ‘ತೌಕ್ತೆ’ ಬಂದು ನಮ್ಮ ಕರಾವಳಿ ಬಡೀತು. 2019ರ ಅಕ್ಟೋಬರ್ ಕಡೀಕ ‘ಕ್ಯಾರ್’. 2023ರ ಜೂನ್ದಾಗ ‘ಬಿಪರ್‌ಜಾಯ್’. ಈಗ ಸಾಲಿ ಸೂಟಿ ಯಾವಾಗ ಕೊಡತಾರ ಹೇಳ್ರಿ. ಬ್ಯಾಸಗಿದು ಮೇ ಕಡೀತನಕ, ದಸರಾದ್ದು ಅಕ್ಟೋಬರ್. ಗಾಳಿಗೂ ಶಿಕ್ಷಣ ಇಲಾಖೆಗೂ ಒಳ ಒಪ್ಪಂದ ಆಗೈತೋ ಏನೋ!

ನಾನು: ನಡುವ ಜೂನ್-ಜುಲೈ?

ಕ್ಯಾಲೆಂಡರ್: ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ. ಕರಾವಳಿ ಮಂದೀನ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿ ದಂಡೀಗೆ ಎಳದು ಕೂಡತಾರ. ಮೊದಲ ನೂಲ ಹುಣ್ಣಿವಿಗೆ ಸಮುದ್ರಕ್ಕ ತೆಂಗಿನಕಾಯಿ ಬಿಟ್ಟ ಮ್ಯಾಲೇನ ಇಳೀತಿದ್ರು, ಅದನ್ನ ನಾನ ಹೇಳತಿದ್ದೆ, ಯಾವ ಸುತ್ತೋಲೆನೂ ಬೇಕಿರಲಿಲ್ಲ. ನಿಮ್ಮ ಮೋಜಿನ ಹಡಗು ಮುಂಗಾರಿನ್ಯಾಗ ಪಡುವಣ ಬಿಟ್ಟು ಮೂಡಣಕ್ಕ ಹೊಕ್ಕೈತಿ. 2022ರ ಜೂನ್ದಾಗ ಚೆನ್ನೈದಿಂದ ಬಿಟ್ರಲ್ಲ, ಅದ. ಆ ಕಡೆ ಹೋಗಬೇಕಂದ್ರೂ ಜೂನ್ದಾಗ ಇಲ್ಲಿ ಸಾಲಿ ಶುರು. ಮತ್ತ ಜುಲೈದಾಗ ಒಂದು ತಮಾಷಿ ಐತಿ. ಮಳಿ ಜೋರು ಅಂತ ರಾತ್ರಿ ಒಂಬತ್ತಕ್ಕ ಜಿಲ್ಲಾಧಿಕಾರಿಗಳ ಆದೇಶ ವಾಟ್ಸ್ಆ್ಯಪ್‌ಗೆ ಬರತೈತಿ, ನಾಳೆ ಸಾಲಿ ಸೂಟಿ. ನಾಳೆ ಬಿಸಿಲು ಬೀಳತೈತಿ. ಆ ದಿನ ತುಂಬಸಾಕ ಶನಿವಾರ ಪೂರ್ತಿ ಸಾಲಿ. ನನ್ನನ್ನ ಯಾರಾರ ಕೇಳಿದ್ರೇನು?

ಈ ಹೊತ್ತಿಗೆ ನನ್ನ ತಾಳ್ಮೆ ತಪ್ಪಿತ್ತು. ಸುತ್ತೋಲೆಯ ಪುರಾಣ ಕೇಳುವುದಕ್ಕಿಂತ ದೊಡ್ಡ ಪ್ರಶ್ನೆಗಳು ದೇಶದಲ್ಲಿವೆ.

ನಾನು: ಎಲ್ಲಾ ತಾಪತ್ರಯದ ಮೂಲ ನಾ ಹೇಳತೇನಿ. ಹುಬ್ಬಳ್ಳಿ-ಅಂಕೋಲಾ ರೈಲು. ಅದೊಂದು ಆಗಿದ್ದರ ನಾವು ಮುಂಬೈ, ಗೋವಾ ಅಂತ ಅಲೀಬೇಕಿತ್ತೇನು? ಕಾರವಾರ ನಮ್ಮ ಬಂದರು. 1860ರ ದಶಕದಾಗ ಧಾರವಾಡದ ಹತ್ತಿ ಅಲ್ಲಿಂದ ಹಡಗು ಹತ್ತಲಿ ಅಂತ ಕನಸು ಕಂಡ್ರು. ಹಳಿ ಹೋತು ಎಲ್ಲಿಗೆ? ಗೋವಾಕ್ಕ. 1888ಕ್ಕ ಕ್ಯಾಸಲ್‌ರಾಕ್ ಇಳದು ಮುರ್ಮುಗೋವಾಕ್ಕ ಹೋತು. ಮಳಿಗಾಲ ಬಿಟ್ಟು ಮುಂಬೈ ಆಗಬೋಟು ಕಾರವಾರಕ್ಕ ಬರತಿದ್ದ ಕಾಲ ಇತ್ತು, ಅದೂ ಹೋತು.

ಕ್ಯಾಲೆಂಡರ್: ಸಂದರ್ಶನ ನನ್ನದೋ, ನಿಮ್ಮದೋ?

ನಾನು: 164 ಕಿಲೋಮೀಟರ್ ಅಷ್ಟ! ಹೋದ ಶತಮಾನದಾಗ ಮಂಜೂರಾದದ್ದು. ಕಲಘಟಗಿ ದಾಟೋದ್ರಾಗ ಫೈಲು ಮುದುಕ ಆತು. ನಮಗ ಏನ್ ಕೊಟ್ರು? ಜಗತ್ತಿನ ಅತೀ ಉದ್ದದ ಪ್ಲಾಟ್‌ಫಾರ್ಮ್. 1,507 ಮೀಟರ್. 2023ರ ಮಾರ್ಚ್‌ನಾಗ ಪ್ರಧಾನಿಗಳು ಉದ್ಘಾಟನೆ ಮಾಡಿದ್ರು.

ಕ್ಯಾಲೆಂಡರ್: ಹಂಗಾದ್ರ ರೈಲ್ಯಾಕ ಬೇಕ್ರಿ? ವರ್ಷಕ್ಕಿಷ್ಟು ಪ್ಲಾಟ್‌ಫಾರ್ಮನ ಎಳಕೋತ ಹೋಗ್ರಿ, ಒಂದಿನ ಅಂಕೋಲಾ ಮುಟ್ಟತೈತಿ. ಅಂದಂಗ, ಆ ರೈಲಿಗೆ ಘಟ್ಟ ಕೊರೀಬೇಕು. ಅದ ಅಂಕೋಲಾ ತಾಲೂಕಿನ ಶಿರೂರಿನ್ಯಾಗ 2024ರ ಜುಲೈ 16ಕ್ಕ ಗುಡ್ಡ ಕುಸದು ಹೆದ್ದಾರಿ ಮ್ಯಾಲೆ ಬಿದ್ದದ್ದು ಮರತ್ರೇನು?

ನಾನು: ಏಪ್ರಿಲ್ ಹೆಂಗ್ರಿ?

ಕ್ಯಾಲೆಂಡರ್: (ನಕ್ಕಿತು, ಫ್ಯಾನ್ ಗಾಳಿಯೂ ಇರಬಹುದು) ಏಪ್ರಿಲ್ ಬಂಗಾರದಂಥಾ ತಿಂಗಳು. ಏಪ್ರಿಲ್ 11ಕ್ಕ ರಾಜ್ಯದ ಸಾಲಿಗೆ ಸೂಟಿ. ಆ ತಿಂಗಳು ಅರಬ್ಬಿ ಸಮುದ್ರದಾಗ ಚಂಡಮಾರುತ ಏಳೋದು ಅಪರೂಪ, ಹಡಗು ಇನ್ನೂ ಪಡುವಣದಾಗ ಇರತೈತಿ. ಆದ್ರ ಸಣ್ಣಾವ ಕೇಂದ್ರ ಪಠ್ಯಕ್ರಮ. ಅವನಿಗೆ ಏಪ್ರಿಲ್ ಅಂದ್ರ ಹೊಸ ಪುಸ್ತಕ, ಹೊಸ ಕ್ಲಾಸು. ಅವನ ಸೂಟಿ ಮೇದಾಗ, ‘ತೌಕ್ತೆ’ ಬಂದ ತಿಂಗಳು. ದೊಡ್ಡಾಕಿ ಹತ್ತನೇತ್ತೆ. ಈಗ ಅವರಿಗೆ ಪರೀಕ್ಷೆ-1, ಪರೀಕ್ಷೆ-2. ಬಂದರಿನ್ಯಾಗ ಮೂರನೇ ನಂಬರ್ ಸಿಗ್ನಲ್ ಏರಿಸಿದ್ರ ದೋಣಿಯವರು ದಂಡೀಗೆ ಬರತಾರ. ನಿಮ್ಮ ಮನ್ಯಾಗ ಒಂದನೇ ನಂಬರಿಗೇನ ಟಿವಿ ವೈರ್ ಕಿತ್ತಾರ. ತಾಯಿಗಂತೂ 2026ರ ಏಪ್ರಿಲ್‌ದಿಂದ ಸೆಪ್ಟೆಂಬರ್ ಒಳಗ ಜನಗಣತಿಯ ಮನಿಪಟ್ಟಿ ಕೆಲಸ ಬರೋದೈತಿ. ಜಾತಿ ಎಣಿಸಿ ಮುಗಿಸ್ಯಾರ, ಈಗ ಮನಿ ಎಣಸಬೇಕು. ಅದರ ಸುತ್ತೋಲೆ…

ನಾನು: ಸುತ್ತೋಲೆ ಬ್ಯಾಡ್ರಿ. ಡಿಸೆಂಬರ್, ಜನವರಿ, ಫೆಬ್ರವರಿ. ಅಲೆ ಸಣ್ಣವು, ಆಕಾಶ ತಿಳಿ. ಹೋದ್ರ ಜೀವಕ್ಕ ಅಪಾಯ ಇಲ್ಲ.

ಕ್ಯಾಲೆಂಡರ್: ಯಾರಂದ್ರು?

ನಾನು: ಅಂದ್ರ, ಬಿರುಗಾಳಿ ಇಲ್ಲಲ್ಲ.

ಕ್ಯಾಲೆಂಡರ್: 2019ರ ಜನವರಿ 21. ಬನದ ಹುಣ್ಣಿವಿ. ಆ ವರ್ಷ ಈ ಮೊಳೀಗೆ ನಮ್ಮಣ್ಣ ಜೋತು ಬಿದ್ದಿದ್ದ. ಕಾರವಾರದ ಕೂರ್ಮಗಡ ನಡುಗಡ್ಡಿಯ ನರಸಿಂಹ ದೇವರ ಜಾತ್ರಿ ಮುಗಿಸಿ ಬರೋ ದೋಣಿ ಮಗಚಿ 16 ಮಂದಿ ಸತ್ತರು. ಅದ್ರಾಗ ಶಿಗ್ಗಾವಿ ತಾಲೂಕಿನ ಒಂದ ಮನಿಯವರು, ಮಕ್ಕಳು ಸುದ್ದಾ. ನಮ್ಮ ಕಡೆಯ ಮಂದಿ, ಸಮುದ್ರ ಅಂದ್ರ ವರ್ಷಕ್ಕೊಮ್ಮೆ ನೋಡಿದ್ರ ನೋಡಿದ್ರು. ಆ ದಿನ ಯಾವ ಚಂಡಮಾರುತನೂ ಇರಲಿಲ್ಲ. ದೋಣ್ಯಾಗ ಹಿಡಿಸೋದಕ್ಕಿಂತ ಹೆಚ್ಚು ಮಂದಿ ಇದ್ರು, ಲೈಫ್ ಜಾಕೆಟ್ ಮೈಮ್ಯಾಲೆ ಇರಲಿಲ್ಲ.

ನಾನು: ಹೌದ್ರಿ, ಅದು…

ಕ್ಯಾಲೆಂಡರ್: ಮುಗೀಲಿಲ್ಲ. 2024ರ ಡಿಸೆಂಬರ್ 10. ಮುರುಡೇಶ್ವರ. ಮುಳಬಾಗಿಲು ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಸಾಲಿಯಿಂದ ಪ್ರವಾಸಕ್ಕ ಬಂದ ನಾಲ್ಕು ಹುಡುಗ್ಯಾರು ನೀರಾಗ ಹೋದ್ರು. ಕೋಲಾರದಿಂದ ಆ ತುದಿತನಕ ಬಂದಿದ್ರು, ಸಮುದ್ರ ನೋಡಾಕ. ಎಂಟು ದಿನಕ್ಕ, 18ನೇ ತಾರೀಖು, ಮುಂಬೈದಾಗ ಗೇಟ್‌ವೇಯಿಂದ ಎಲಿಫೆಂಟಾಕ್ಕ ಹೊಂಟ ದೋಣಿಗೆ ನೌಕಾಪಡೆಯ ಸ್ಪೀಡ್‌ಬೋಟ್ ಬಡದು 15 ಮಂದಿ. ಮೂರೂ ಚಲೋ ಹವಾದ ತಿಂಗಳದಾಗ. ನೀವು ‘ಅಪಾಯ ಇಲ್ಲ’ ಅಂದ್ರಲ್ಲ, ಆ ತಿಂಗಳದಾಗ. ಗಾಳಿ ಬಂದ್ರ ಹಡಗು ನಿಲ್ಲಸ್ತೀರಿ, ದೋಣಿ ನಿಲ್ಲಸ್ತೀರಿ, ಬೀಚಿಗೆ ಹಗ್ಗ ಕಟ್ಟತೀರಿ. ಗಾಳಿ ಇಲ್ಲದಾಗ ದಂಡಿ ಮ್ಯಾಲೆ ನಿಂತು ನೋಡಾವ್ರು ಯಾರು? ಮನಿಮನಿಗೆ ಮಂದಿ ಕಳಿಸಿ 60 ಪ್ರಶ್ನಿ ಕೇಳೋ ಸರ್ಕಾರಕ್ಕ, ದೋಣಿ ಹತ್ತೋ ತಲಿ ಎಣಸಾಕ ಒಬ್ಬ ಮನಶ್ಯಾ ಸಿಗಂಗಿಲ್ಲೇನು? ಒಂದ ಪ್ರಶ್ನಿ ಸಾಕಿತ್ತು, ಜಾಕೆಟ್ ಹಾಕ್ಕೊಂಡೀರೇನು ಅಂತ.

ನನ್ನ ಚೀಟಿಯಲ್ಲಿ ಮುಂದಿನ ಪ್ರಶ್ನೆ ಮತ್ತೆ ಅಂಕೋಲಾ ರೈಲಿನದೇ ಇತ್ತು. ಕೇಳಲಿಲ್ಲ. ಹಾಲಿನವನು ಬಂದ, ವೈನಿ ಬಂದು 12ರ ಚೌಕದಲ್ಲಿ ‘1 ಲೀ.’ ಎಂದು ಬರೆದು, ಗೋಡೆಯೊಂದಿಗೆ ಮಾತಾಡುವ ಮೈದುನನನ್ನು ಒಮ್ಮೆ ನೋಡಿ, ಏನೂ ಅನ್ನದೆ ಒಳಗೆ ಹೋದರು.

ನಾನು: ಹಂಗಾದ್ರ ಹೋಗೂದ ಬ್ಯಾಡ ಅಂತೀರೇನು?

ಕ್ಯಾಲೆಂಡರ್: ಹೋಗಬ್ಯಾಡ್ರಿ ಅಂದೆನೇನು? ದೊಡ್ಡ ಹಡಗಿನ್ಯಾಗ ಹೊರಡೂಕಿಂತ ಮೊದಲ ಎಲ್ಲಾರನೂ ಸಾಲು ನಿಲ್ಲಿಸಿ ಜಾಕೆಟ್ ಹೆಂಗ ಹಾಕಬೇಕು, ಎಲ್ಲಿ ಕೂಡಬೇಕು ಅಂತ ತಾಲೀಮು ಮಾಡಸ್ತಾರ. ಆ ಹೊತ್ತಿನ್ಯಾಗ ಊಟದ ಹಾಲ್ ಹುಡಕೋತ ಹೋಗಬ್ಯಾಡ್ರಿ. ಮತ್ತ ಕಿಟಕಿ ಇಲ್ಲದ ಕೋಣಿ ಸೋವಿ ಅಂತ ತಗೋಬ್ಯಾಡ್ರಿ. ಗ್ವಾಡಿ ನೋಡಕೋತ ಕೂಡಾಕ ಕೇಶ್ವಾಪುರ ಸಾಕು. ಇನ್ನೊಂದು. ಮಹದಾಯಿ ನೀರು ಬಿಡಂಗಿಲ್ಲ ಅಂತ ಗೋವಾದವರನ್ನ ಬೈತೀರಿ, ರೊಕ್ಕ ಸುರಿಯಾಕ ಅವರ ದಂಡೀಗೇ ಹೊಂಟೀರಿ. ಹೋಗ್ರಿ ಪಾ, ನಮಗ್ಯಾಕ.

ನಾನು: ತಾರೀಖು?

ಕ್ಯಾಲೆಂಡರ್: ಅದು ನಿಶ್ಚೇ ಆಗೈತಲ್ರಿ. ಅಲ್ಲಿ ಟಿವಿ ಹಿಂದ ರಬ್ಬರ್ ಬ್ಯಾಂಡ್ ಹಾಕಿ ಸುರುಳಿ ಸುತ್ತಿ ಇಟ್ಟಾರಲ್ಲ, ಹೊಸಬ, 2026. ಬಿಚ್ಚಿ ನೋಡ್ರಿ. ಸಂಕ್ರಮಣ ಆದ ಮ್ಯಾಲಿನ ಸೋಮವಾರ.

ಬಿಚ್ಚಿದೆ. ಜನವರಿ 19ರಿಂದ 22ರವರೆಗೆ ನಾಲ್ಕು ಚೌಕಗಳ ಅಡಿ ಪೆನ್ಸಿಲಿನ ಉದ್ದ ಗೆರೆ. ಗೆರೆಯ ಮೇಲೆ ವೈನಿಯ ದುಂಡು ಅಕ್ಷರ: ‘ಸಣ್ಣಾವಗ ಜ್ವರ’.

ನಾನು: ಇನ್ನೂ ಡಿಸೆಂಬರ್! ಜ್ವರ ಬರೂದು ಈಗ ಹೆಂಗ ಗೊತ್ತಾತು?

ಕ್ಯಾಲೆಂಡರ್: ಸ್ವಾತಿ ಮಳಿ ಅಕ್ಟೋಬರ್ 24ಕ್ಕ ಹೂಡತೈತಿ ಅಂತ ನಾ ಹಿಂದಿನ ವರ್ಷನ ಹೇಳತೇನಿ, ನಂಬತೀರಿ. ಜ್ವರ ಹೇಳಿದ್ರ ನಂಬಂಗಿಲ್ಲೇನು? ಕೆಳಗಿನ ಸಾಲು ಓದ್ರಿ.

‘ದೊಡ್ಡಾಕಿಗೂ. ಗಣಿತದ ಪುಸ್ತಕ ಬ್ಯಾಗಿನೊಳಗೆ.’ ಅದರ ಕೆಳಗೆ, ಇನ್ನೂ ಸಣ್ಣದಾಗಿ: ‘ನನಗೂ.’

ನಾನು: ಅಲ್ರೀ, ವೈನಿ ಸ್ವತಃ ಟೀಚರ್!

ಕ್ಯಾಲೆಂಡರ್: ಒಂದ ಮನಿ, ಜ್ವರ ಹರಡತೈತಿ. ರಜಾ ಅರ್ಜಿ ಮೂರೂ ಬರದು ಫ್ರಿಜ್ ಮ್ಯಾಲೆ ಇಟ್ಟಾರ. ತಾರೀಖಿನ ಜಾಗಾ ಮಾತ್ರ ಖಾಲಿ ಬಿಟ್ಟಾರ. ನಡುವ ಯಾವುದಾರ ಸುತ್ತೋಲೆ ಬಂತಂದ್ರ?