ಎರಡನೇ ರೌಂಡು

ರಾತ್ರಿ ಮೂರು ಗಂಟೆಗೆ ಅಡುಗೆಮನೆಯಲ್ಲಿ ಉದ್ದಿನಬೇಳೆ ಡಬ್ಬ ಬಿದ್ದರೆ ಎಂಥ ಸದ್ದಾಗುತ್ತದೆ ಅನ್ನುವುದು ಹಗಲಲ್ಲಿ ಬೀಳಿಸಿದವರಿಗೆ ಗೊತ್ತಾಗುವುದಿಲ್ಲ. ನಿವೃತ್ತಿಯಾದ ಮೇಲೆ ನನಗೆ ನಿದ್ದೆ ಕೈಕೊಟ್ಟಿತ್ತು. ಮೂವತ್ತೈದು ವರ್ಷ ಕಾಗದ ವಿಂಗಡಿಸಿದ ಪೋಸ್ಟ್‌ಮ್ಯಾನ್ ಕೈ ಸುಮ್ಮನಿರಲಾರದೆ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸುತ್ತಿತ್ತು. ಕಳ್ಳ ಬಂದನೆಂದು ಪಕ್ಕದ ಮನೆಯವರು ದೊಣ್ಣೆ ಹಿಡಿದು ಓಡಿಬಂದರು. ಬೇಳೆ ಗುಡಿಸುತ್ತಾ ನನ್ನಾಕೆ, “ರೀ, ಸಮುದಾಯ ಭವನದಲ್ಲಿ ಪುಕ್ಕಟೆ ಕೌನ್ಸೆಲಿಂಗ್ ಮಾಡ್ತಾರಂತೆ, ಒಂದ್ಸಲ ಹೋಗ್ಬನ್ನಿ” ಎಂದಳು.

ಹೊರಟವನನ್ನು ಮೂಲೆಮನೆ ರಾಯರು ಗೇಟಿನಲ್ಲೇ ಹಿಡಿದರು. ಕೌನ್ಸೆಲಿಂಗಿಗೆ ಅಂದೆ. “ಓಹೋ, ಯಾರ ಹುಡುಗನಿಗೆ? ರ‍್ಯಾಂಕ್ ಎಷ್ಟು ಬಂತು?” ಅವರದೇನೂ ತಪ್ಪಿಲ್ಲ. ಸಿಇಟಿ ಬಂದಾಗಿನಿಂದ ನಮ್ಮಲ್ಲಿ ಕೌನ್ಸೆಲಿಂಗ್ ಅಂದರೆ ಸೀಟು ಹಂಚುವುದು. ನಾನೂ ಮಗನ ಜೊತೆ ಡಿಡಿ ಹಿಡಿದು ಬೆಂಗಳೂರಿನಲ್ಲಿ ಕೂತು, ಪರದೆಯ ಮೇಲೆ ಸೀಟುಗಳು ಖಾಲಿಯಾಗುವುದನ್ನು ನೋಡಿ ಬೆವರಿದವನೇ. ಅಪ್ಪಂದಿರಿಗೆ ಆ ಇನ್ನೊಂದು ಥರದ ಕೌನ್ಸೆಲಿಂಗ್ ಅವತ್ತೇ ಕೊಡಬೇಕಿತ್ತು.

ಸಿನಿಮಾದಲ್ಲಿ ನೋಡಿದಂತೆ ಮಲಗುವ ಸೋಫಾ ಅಲ್ಲಿರಲಿಲ್ಲ. ಎರಡು ಪ್ಲಾಸ್ಟಿಕ್ ಕುರ್ಚಿ, ಗೋಡೆ ಗಡಿಯಾರ, ಟಿಶ್ಯೂ ಡಬ್ಬ. ಮಗಳ ವಯಸ್ಸಿನ ಮೇಡಂ ಫಾರಂ ತುಂಬಿಸಿಕೊಂಡು, ಇಲ್ಲಿ ಆಡಿದ್ದು ಹೊರಗೆ ಹೋಗುವುದಿಲ್ಲ, ಯಾರದಾದರೂ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ತಿಳಿಸಬೇಕಾದವರಿಗೆ ತಿಳಿಸುತ್ತೇವೆ ಎಂದರು. “ಬೇಳೆ ಡಬ್ಬ ಅದರಲ್ಲಿ ಬರುತ್ತಾ?” ಅಂತ ಕೇಳಿದೆ. ನಕ್ಕರು.

ನಾನು ಹೋದದ್ದು ಬುದ್ಧಿಮಾತಿಗೆ, ಇಲ್ಲವೇ ಮಾತ್ರೆಗೆ. ಎರಡೂ ಸಿಗಲಿಲ್ಲ. ಮಾತ್ರೆ ಬರೆಯುವುದು ಮನೋವೈದ್ಯರ ಕೆಲಸ, ಬೇಕಾದರೆ ಅಲ್ಲಿಗೆ ಕಳಿಸುತ್ತೇವೆ ಅಂದರು. ಮನೋವೈದ್ಯರು ಅಂದಾಗ ಬಳ್ಳಾರಿ ನೆನಪಾಯಿತು. 1985ರಲ್ಲಿ ನಾನು ಅಲ್ಲಿ ಕೆಲಸಕ್ಕೆ ಸೇರಿದಾಗಲೇ ನಿಮ್ಹಾನ್ಸ್‌ನವರು ಮನಸ್ಸಿನ ಕಾಯಿಲೆಗೆ ಜಿಲ್ಲೆಯ ಆರೋಗ್ಯ ಕೇಂದ್ರಗಳಲ್ಲೇ ಔಷಧಿ ಸಿಗುವ ಹಾಗೆ ಮಾಡಲು ಹೊರಟಿದ್ದರು. ಆಮೇಲೆ ದೇಶಕ್ಕೇ ಅದು ಮಾದರಿಯಾಯಿತು. ನಾನೋ, ಅಂಥ ಕೇಂದ್ರಕ್ಕೆ ಟಪಾಲು ಕೊಡುವಾಗ ಬಾಗಿಲಲ್ಲೇ ನಿಂತು, ಕಾಗದ ಎಸೆದು, ಸೈಕಲ್ ಹತ್ತುತ್ತಿದ್ದ ಮಹಾಶಯ.

“ಮೂರು ಗಂಟೆಗೆ ಎಚ್ಚರವಾದಾಗ ಏನನ್ನಿಸುತ್ತೆ?” ಮೇಡಂ ಕೇಳಿದ್ದು ಇಷ್ಟೇ. ನಾನು ಮಂಡಿನೋವು, ಪಿಂಚಣಿ, ನೀರಿನ ಬಿಲ್ಲು ಎಲ್ಲ ಹೇಳಿದೆ. ಅವರು ಮಧ್ಯೆ ಬಾಯಿ ಹಾಕಲಿಲ್ಲ. ನಮ್ಮ ಮನೆಯಲ್ಲಿ ಯಾರೂ ನನ್ನ ಒಂದು ವಾಕ್ಯವನ್ನು ಪೂರ್ಣವಿರಾಮದವರೆಗೆ ಕೇಳಿದವರಲ್ಲ. ಹಾಗಾಗಿ ವಾಕ್ಯ ಮುಗಿಸುವುದೇ ನನಗೆ ಮರೆತುಹೋಗಿತ್ತು. ಮಾತೆಲ್ಲ ತೀರಿ ಗಡಿಯಾರದ ಟಿಕ್‌ಟಿಕ್ ಕೇಳುವಷ್ಟು ಮೌನವಾಯಿತು. ಆಗ ಎಲ್ಲಿಂದಲೋ, “ಈಗ ನನಗೋಸ್ಕರ ಯಾರೂ ಕಾಯ್ತಾ ಇಲ್ಲ, ಮೇಡಂ” ಅಂದುಬಿಟ್ಟೆ. ಪೋಸ್ಟ್‌ಮ್ಯಾನಿಗಾಗಿ ಊರೆಲ್ಲ ಬಾಗಿಲಲ್ಲಿ ನಿಲ್ಲುತ್ತಿತ್ತು, ನೋಡಿ. ಟಿಶ್ಯೂ ಡಬ್ಬ ಯಾಕಿತ್ತು ಅನ್ನುವುದು ಆಗ ತಿಳಿಯಿತು.

ಮುಕ್ಕಾಲು ಗಂಟೆ ಆಗಿತ್ತು. ಎದ್ದು ಜೇಬಿಗೆ ಕೈ ಹಾಕಿದೆ. ದುಡ್ಡು ಬೇಡವೇ ಬೇಡ ಅಂದರು. ಆದರೆ ಕಾಯುವವರ ಪಟ್ಟಿ ಉದ್ದ, ನನ್ನ ಸರದಿ ಮತ್ತೆ ಮೂರು ವಾರಕ್ಕೆ. ನಡುವೆ ತೀರಾ ಕಷ್ಟವಾದರೆ ಟೆಲಿ ಮನಸ್ ಇದೆ, 14416, ಕನ್ನಡದಲ್ಲೇ ಮಾತಾಡಬಹುದು, ಅದಕ್ಕೂ ದುಡ್ಡಿಲ್ಲ ಅಂತ ಚೀಟಿ ಬರೆದುಕೊಟ್ಟರು.

“ರಾತ್ರಿ ಮೂರಕ್ಕೂ?”

“ಮೂರಕ್ಕೂ.”

ರಾಯರು ಗೇಟಿನಲ್ಲೇ ಇದ್ದರು. “ಏನಾಯ್ತು, ಸೀಟು ಸಿಕ್ತಾ?”

“ಸಿಕ್ತು ರಾಯರೇ, ಪ್ಲಾಸ್ಟಿಕ್ಕಿಂದು. ಎರಡನೇ ರೌಂಡು ಮೂರು ವಾರ ಬಿಟ್ಟು.”