ನಮ್ಮೂರಿಗೂ ಒಂದು ಶೋಧಕರ ಮಂಡಳ ಬೇಕ್ರಿ

“ಅಲ್ರೀ ಗುರುಗಳ, ಹುಡುಕೂದು ಅಂದ್ರ ಇನ್ನೇನು ಉಳದೈತ್ರಿ? ಹಿಮಾಲಯ ಹತ್ತಿ ಬಂದ್ರು, ಚಂದ್ರನ ಮ್ಯಾಲ ಇಳದ್ರು. ನಮ್ಮ ರಾಜೂರಾಗ ಕುಂತು ಯಾವ ಹೊಸ ದೇಶ ಹುಡುಕವ್ರು ನೀವು?”

ಬೇಲಿಯಾಚೆಯ ಕಾಕಾ ಹೀಗೆ ಕೇಳುವುದಕ್ಕೆ ಕಾರಣ ಅವರ ಮೊಮ್ಮಗ. ಅವನು ಮೊಬೈಲಿನಲ್ಲಿ ನ್ಯೂಯಾರ್ಕಿನ ಎಕ್ಸ್‌ಪ್ಲೋರರ್ಸ್ ಕ್ಲಬ್ಬಿನ ವಿಷಯ ನೋಡಿದ್ದ. 1904ರಲ್ಲಿ ಹುಟ್ಟಿದ ಸಂಘ ಅದು. ದಕ್ಷಿಣ ಧ್ರುವ ಮುಟ್ಟಿದ ಅಮುಂಡ್ಸೆನ್, ಎವರೆಸ್ಟ್ ಏರಿದ ಹಿಲರಿ, ಚಂದ್ರನ ಮೇಲೆ ನಡೆದ ಆರ್ಮ್‌ಸ್ಟ್ರಾಂಗ್ ಎಲ್ಲರೂ ಅದರ ಸದಸ್ಯರೇ. “ಮುತ್ಯಾ, ನಮ್ಮ ಕಡೆ ಅಂಥಾ ಸಂಘ ಇದ್ದಿಲ್ಲೇನು?” ಎಂದು ಹುಡುಗ ಕೇಳಿದ್ದಕ್ಕೆ ಕಾಕಾ ಅವನನ್ನು ನನ್ನ ಕಡೆ ಕಳಿಸಿದರು, ಹಿಂದೆಯೇ ತಾವೂ ಬಂದು ನಿಂತರು. ನಾನು ಹೇಳಿದೆ: “ಇತ್ತಪ್ಪಾ. ಅದು ಹುಟ್ಟಿದ್ದು ಧಾರವಾಡದಾಗ, 1914ರಾಗ. ಅವರು ಹಡಗು ಹತ್ತಲಿಲ್ಲ, ಹಿಮದ ಗುಡ್ಡ ಏರಲಿಲ್ಲ. ತಮ್ಮ ನಾಡನ್ನ ತಾವೇ ಹುಡುಕಿದರು.”

ಅದು ಕರ್ನಾಟಕ ಇತಿಹಾಸ ಸಂಶೋಧನ ಮಂಡಳ. ಅದನ್ನು ಕಟ್ಟಿದವರು ಆಲೂರು ವೆಂಕಟರಾಯರು. 1880ರಲ್ಲಿ ವಿಜಾಪುರದಲ್ಲಿ ಹುಟ್ಟಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಕಾನೂನು ಮುಗಿಸಿ, ಧಾರವಾಡಕ್ಕೆ ಬಂದು ವಕೀಲಿ ಹೂಡಿದವರು. ನಾಡಿನ ಕೆಲಸಕ್ಕಾಗಿ ಆ ವಕೀಲಿಯನ್ನೂ ಬಿಟ್ಟವರು. ಪುಣೆಯಲ್ಲಿ ಓದುವಾಗ ಅವರು ಕಂಡದ್ದು, ತಮ್ಮ ಇತಿಹಾಸವನ್ನು ಎದೆಯಲ್ಲಿಟ್ಟುಕೊಂಡು ಮಾತಾಡುವ ಮರಾಠಿ ಜನರನ್ನು. ಅದೇ ಹೊತ್ತಿಗೆ ಕನ್ನಡಿಗನಿಗೆ ಪುಲಕೇಶಿ ಯಾರೆಂಬುದೂ ಸರಿಯಾಗಿ ಗೊತ್ತಿರಲಿಲ್ಲ. ಹಂಪಿ, ಆನೆಗೊಂದಿಗಳ ಹಾಳುಬಿದ್ದ ಗುಡಿ ಗೋಪುರಗಳ ನಡುವೆ ತಿರುಗಾಡಿ ಬಂದ ಮೇಲಂತೂ ಆಲೂರರಿಗೆ ಕರ್ನಾಟಕವೇ ಉಸಿರಾಯಿತು.

“ಅಂದ್ರ ಅವರಕಿಂತ ಮೊದಲ ಯಾರೂ ಕಲ್ಲು ಓದಿರಲಿಲ್ಲೇನ್ರಿ?” ಎಂದರು ಕಾಕಾ.

ಓದಿದ್ದರು, ಚೆನ್ನಾಗಿಯೇ ಓದಿದ್ದರು. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಐದುನೂರಕ್ಕೂ ಹೆಚ್ಚು ಶಾಸನಗಳ ಪ್ರತಿ ಮಾಡಿಸಿಕೊಂಡರು. 1824ರ ಕಿತ್ತೂರಿನ ಕಾಳಗದಲ್ಲಿ ಸೆರೆಸಿಕ್ಕಿದ್ದ ಎಲಿಯಟ್ ಅವರೇ. ಜೇಮ್ಸ್ ಬರ್ಜೆಸ್ 1872ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆ ತೆಗೆದರು. ಜೆ.ಎಫ್. ಫ್ಲೀಟ್ 1882ರಲ್ಲಿ ಕನ್ನಡ ಜಿಲ್ಲೆಗಳನ್ನು ಆಳಿದ ಅರಸುಮನೆತನಗಳ ಇತಿಹಾಸ ಬರೆದರು. ನಮ್ಮ ನೆರೆಯ ಸೂಡಿಯ ಶಾಸನಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 15ನೆಯ ಸಂಪುಟದಲ್ಲಿ ಪ್ರಕಟಿಸಿದ ಎಲ್.ಡಿ. ಬಾರ್ನೆಟ್ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ವಿದ್ವಾಂಸರು. ಇವರ ಋಣ ದೊಡ್ಡದು, ಅದನ್ನು ಮರೆಯಬಾರದು. ಆದರೆ ಬರೆದದ್ದೆಲ್ಲ ಇಂಗ್ಲಿಷಿನಲ್ಲಿ, ಉಳಿದದ್ದು ದೊಡ್ಡ ಊರುಗಳ ಗ್ರಂಥಾಲಯಗಳಲ್ಲಿ. ಸೂಡಿಯ ಕಲ್ಲಿನ ಮಾತು ಲಂಡನ್ನಿಗೆ ಹೋಯಿತು, ಸೂಡಿಯ ಮನೆಗಳಿಗೆ ಬರಲಿಲ್ಲ. ಮಂಡಳ ತುಂಬಬೇಕಾಗಿದ್ದ ಕೊರತೆ ಅದು.

ಆ ಕಾಲದ ಗಾಳಿಯೂ ಹಾಗೇ ಇತ್ತು. ಬೆಂಗಳೂರಿನಲ್ಲಿ 1909ರಲ್ಲಿ ಮಿಥಿಕ್ ಸೊಸೈಟಿ ಹುಟ್ಟಿತು. ಪುಣೆಯಲ್ಲಿ 1910ರಲ್ಲಿ ವಿ.ಕಾ. ರಾಜವಾಡೆ ಮತ್ತು ಗೆಳೆಯರು ಭಾರತ ಇತಿಹಾಸ ಸಂಶೋಧಕ ಮಂಡಳ ಕಟ್ಟಿದರು. ಧಾರವಾಡದಲ್ಲಿ 1890ರಿಂದಲೇ ರಾ.ಹ. ದೇಶಪಾಂಡೆಯವರು ಸ್ಥಾಪಿಸಿದ ಕರ್ನಾಟಕ ವಿದ್ಯಾವರ್ಧಕ ಸಂಘವಿತ್ತು. ಅದರ ‘ವಾಗ್ಭೂಷಣ’ ಪತ್ರಿಕೆಯನ್ನು ಆಲೂರರು ನಡೆಸಿದ್ದರು. ನೆಲ ಹದವಾಗಿತ್ತು, ಬಿತ್ತುವವರು ಮುಂದೆ ಬಂದರು.

ಈಗ ಕಾಕಾನ ಮೊಮ್ಮಗನಿಗೆ ನಾನು ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದೆ. ಮಂಡಳ ಹುಟ್ಟಿದ ಕಾಲದಲ್ಲಿ ನಮ್ಮ ರಾಜೂರು ರೋಣ ತಾಲೂಕಿನಲ್ಲಿ, ರೋಣ ಧಾರವಾಡ ಜಿಲ್ಲೆಯಲ್ಲಿ, ಧಾರವಾಡ ಮುಂಬಯಿ ಸರಕಾರದ ಕೆಳಗೆ. ಇಲ್ಲಿಂದ ಮೂಡಣಕ್ಕೆ ನಡೆದರೆ ಕುಷ್ಟಗಿ, ಯಲಬುರ್ಗಿ. ಅಲ್ಲಿ ನಿಜಾಮನ ಆಳಿಕೆ. ಬಳ್ಳಾರಿ ಮದರಾಸಿನವರದು. ಮೈಸೂರಿಗೆ ಬೇರೆ ಅರಸರು. ನಡುನಡುವೆ ಮುಧೋಳ, ರಾಮದುರ್ಗ, ಸಂಡೂರು, ಸವಣೂರಿನಂಥ ಸಣ್ಣ ಸಂಸ್ಥಾನಗಳು. ಸೂಡಿಯ ಜೋಡುಕಳಸದ ಗುಡಿ ಮುಂಬಯಿಯವರ ಲೆಕ್ಕಕ್ಕೆ, 1112ರಲ್ಲಿ ಮಹಾದೇವ ದಂಡನಾಯಕ ಕಟ್ಟಿಸಿದ ಇಟಗಿಯ ಗುಡಿ ಹೈದರಾಬಾದಿನವರ ಲೆಕ್ಕಕ್ಕೆ. ಎರಡೂ ಕಲ್ಯಾಣದ ಚಾಲುಕ್ಯರ ಕಾಲದವು. ಒಂದೇ ಭಾಷೆ, ಒಂದೇ ಲಿಪಿ, ಒಂದೇ ಬಗೆಯ ಕೆತ್ತನೆ. ಸರಕಾರಗಳು ತಮ್ಮ ತಮ್ಮ ಗಡಿಯೊಳಗಿನ ಕಲ್ಲುಗಳನ್ನಷ್ಟೇ ಎಣಿಸುತ್ತಿದ್ದವು. ಎಲ್ಲವನ್ನೂ ಒಂದೇ ನಾಡಿನ ಕಥೆಯಾಗಿ ಓದಬೇಕೆಂಬ ಹಟ ಹಿಡಿದದ್ದು ಧಾರವಾಡದ ಈ ಮಂಡಳ. 1956ರಲ್ಲಿ ರಾಜ್ಯ ಒಂದಾಗುವುದಕ್ಕೆ ನಾಲ್ಕು ದಶಕ ಮೊದಲೇ ಇವರ ಬರಹದಲ್ಲಿ ಅದು ಒಂದಾಗಿತ್ತು.

ಮೊದಲ ವರ್ಷಗಳ ದೊಡ್ಡ ಫಲ 1917ರಲ್ಲಿ ಬಂದ ಆಲೂರರ ‘ಕರ್ನಾಟಕ ಗತವೈಭವ’. ಫ್ಲೀಟ್ ಮೊದಲಾದವರು ಬಿಡಿಬಿಡಿಯಾಗಿ ಅಗೆದು ತೆಗೆದದ್ದನ್ನು, ಅಕ್ಷರ ಬಲ್ಲ ಯಾವ ಕನ್ನಡಿಗನಾದರೂ ಓದಿ ತಿಳಿಯುವ ಹಾಗೆ ಅದರಲ್ಲಿ ಹೇಳಿದರು. ಮುಂದೆ 1931ರಲ್ಲಿ ಮಂಡಳದಿಂದ ‘ಕರ್ನಾಟಕ ಹಿಸ್ಟಾರಿಕಲ್ ರಿವ್ಯೂ’ ಎಂಬ ಇಂಗ್ಲಿಷ್ ಪತ್ರಿಕೆ ಹೊರಟಿತು. ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷಕ್ಕೆ, 1936ರಲ್ಲಿ, ಧಾರವಾಡದಿಂದ ಬಂದ ಸ್ಮರಣ ಸಂಪುಟವನ್ನು ಇವತ್ತಿಗೂ ಸಂಶೋಧಕರು ತೆಗೆದು ನೋಡುತ್ತಾರೆ. 1939ರಲ್ಲಿ ಮುಂಬಯಿ ಸರಕಾರವೇ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ತೆರೆದು, ಆರ್.ಎಸ್. ಪಂಚಮುಖಿಯವರನ್ನು ಅದಕ್ಕೆ ನೇಮಿಸಿತು. ಊರ ಮಂದಿ ತಾವಾಗಿ ಹೊತ್ತ ಕೆಲಸವನ್ನು ಸರಕಾರ ತನ್ನದೆಂದು ಒಪ್ಪಿಕೊಳ್ಳಲು ಇಪ್ಪತ್ತೈದು ವರ್ಷ ಹಿಡಿಯಿತು.

“ಕಲ್ಲಿನ ಮ್ಯಾಲಿನ ಅಕ್ಷರ ಧಾರವಾಡಕ್ಕ ಹೆಂಗ ಒಯ್ತಾರ್ರೀ? ಕಲ್ಲು ಕಿತ್ತು ಒಯ್ತಾರೇನು?” ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ.

ಕಲ್ಲನ್ನು ಅಲುಗಿಸುವುದೇ ಇಲ್ಲ, ಪಡಿಯಚ್ಚು ತೆಗೆಯುತ್ತಾರೆ. ಮೊದಲು ಕಲ್ಲಿಗೆ ನೀರು ಹಾಕಿ ಕುಂಚದಿಂದ ತಿಕ್ಕಿ, ಅಕ್ಷರದ ಸಂದಿಯಲ್ಲಿ ಕೂತ ಮಣ್ಣು ಬಿಡಿಸಬೇಕು. ದಪ್ಪ ಕಾಗದ ತೋಯಿಸಿ ಕಲ್ಲಿಗೆ ಹಚ್ಚಬೇಕು. ಗಟ್ಟಿ ಕೂದಲಿನ ಕುಂಚದಿಂದ ಮೇಲಿಂದ ಕೆಳಗೆ ತಟ್ಟುತ್ತ ಬಂದರೆ, ಕಾಗದ ಪ್ರತಿ ಅಕ್ಷರದ ತಗ್ಗಿಗೂ ಇಳಿದು ಕೂರುತ್ತದೆ. ಗುಳ್ಳೆ ಉಳಿದರೆ ಅಲ್ಲಿ ಅಕ್ಷರ ಮೂಡದು, ಜೋರಾಗಿ ತಟ್ಟಿದರೆ ಕಾಗದ ಹರಿದೀತು. ಅರೆಬರೆ ಆರಿದ ಮೇಲೆ ಅರಿವೆಯ ಗಂಟಿಗೆ ಮಸಿ ಹಚ್ಚಿ ಮೆಲ್ಲಗೆ ಒತ್ತುತ್ತ ಹೋಗಬೇಕು. ಉಬ್ಬಿದ ಜಾಗವೆಲ್ಲ ಕಪ್ಪಾಗುತ್ತದೆ, ತಗ್ಗಿನಲ್ಲಿರುವ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಸುಲಿದು ತೆಗೆದರೆ, ಸಾವಿರ ವರ್ಷದ ಬರಹ ಕೈಯಲ್ಲಿ ಮಡಚಿ ಒಯ್ಯುವಂತಾಗುತ್ತದೆ. ಬಿಸಿಲು ಏರುವ ಮೊದಲು ಶುರುಮಾಡಬೇಕು, ಗಾಳಿ ಬೀಸಿದರೆ ಕಾಗದ ಹಿಡಿಯಲು ಒಬ್ಬರು ನಿಂತಿರಬೇಕು. ಹೆಚ್ಚೇನೂ ಬೇಕಿಲ್ಲ, ತಾಳ್ಮೆ, ಒಂದು ಕೊಡ ನೀರು, ಎರಡು ಜೋಡಿ ಕೈ.

ಇಷ್ಟು ಕೇಳಿದ ಮೇಲೂ ಕಾಕಾಗೆ ಸಮಾಧಾನವಾಗಲಿಲ್ಲ. “ಅವರು ಧಾರವಾಡದ ವಕೀಲರು, ಕಲತವರು. ನಮ್ಮಂಥಾ ಒಕ್ಕಲುತನದವರು ಏನ್ ಮಾಡಾಕ ಬರತೈತ್ರಿ?”

ಅದಕ್ಕೆ ನಾನು ಕೊಪ್ಪಳದ ಮಾತು ತೆಗೆದೆ. ನಮಗೆ ಮಗ್ಗುಲಲ್ಲೇ ಇರುವ ಊರು. ಅಲ್ಲಿಯ ಗವಿಮಠದ ಗುಡ್ಡ, ಪಾಲ್ಕಿಗುಂಡು ಎಲ್ಲರೂ ನೋಡಿದವೇ. ಎರಡು ಬಂಡೆಗಳ ಮೇಲೆ ಚಪ್ಪಟೆ ಹಾಸುಗಲ್ಲೊಂದು ಪಲ್ಲಕ್ಕಿಯಂತೆ ಕೂತಿದೆ. ಅದರ ಅಡಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವಿದೆ ಎಂದು 1931ರಲ್ಲಿ ಕಂಡುಹಿಡಿದವರು ಕೊಪ್ಪಳದವರೇ ಆದ ಎನ್.ಬಿ. ಶಾಸ್ತ್ರಿಗಳು. ಅದಕ್ಕೂ ಮೊದಲು, 1915ರಲ್ಲಿ, ಮಸ್ಕಿಯ ಅಶೋಕನ ಶಾಸನ ಸಿಕ್ಕದ್ದು ಚಿನ್ನದ ಅದಿರು ಹುಡುಕುತ್ತ ಬಂದಿದ್ದ ಬೀಡನ್ ಎಂಬ ಇಂಜಿನಿಯರನಿಗೆ. ಎರಡು ಸಾವಿರದ ಇನ್ನೂರು ವರ್ಷ ಕೊಪ್ಪಳದ ಆ ಗುಡ್ಡದಲ್ಲಿ ದನ ಕುರಿ ಮೇಯ್ದಿವೆ, ಸೌದೆ ಆರಿಸುವವರು ತಿರುಗಿದ್ದಾರೆ. ಯಾರೋ ಒಬ್ಬರು ನಿಂತು, ಇದು ಬರೀ ಗೀಚಲ್ಲ, ಬರಹ ಎಂದು ನೋಡಿದ್ದರಿಂದ ನಮ್ಮ ನೆಲದ ಇತಿಹಾಸ ಮೌರ್ಯರವರೆಗೂ ಹಿಂದಕ್ಕೆ ಹೋಯಿತು.

ಇನ್ನೊಂದು ಮಾತನ್ನು ಕಾಕಾಗೆ ಒತ್ತಿ ಹೇಳಿದೆ. ದಾನಶಾಸನಗಳನ್ನು ನೋಡಿ: ಇಂಥ ದೇವರಿಗೆ ಇಷ್ಟು ಮತ್ತರು ಹೊಲ, ಅದರ ಮೂಡಲಿಗೆ ಇಂಥ ಹಳ್ಳ, ತೆಂಕಲಿಗೆ ಇಂಥ ಊರ ದಾರಿ, ಪಡುವಲಿಗೆ ನೆಟ್ಟ ಕಲ್ಲು ಎಂದು ಎಲ್ಲೆ ಹೇಳುತ್ತವೆ. ಪಂಡಿತರು ಆ ಸಾಲು ಓದಬಲ್ಲರು. ಆದರೆ ಆ ಹಳ್ಳ ಯಾವುದು, ಬಂಡಿದಾರಿ ಮೊದಲು ಎಲ್ಲಿ ಹಾಯುತ್ತಿತ್ತು, ಯಾವ ಹೊಲಕ್ಕೆ ಜನ ಇವತ್ತಿಗೂ ಗುಡಿಯ ಹೊಲ ಅನ್ನುತ್ತಾರೆ, ಬಿತ್ತುವಾಗ ಕೂರಿಗೆಗೆ ಹಳೆ ಇಟ್ಟಂಗಿ, ಮಡಕೆಯ ಚೂರು ಎಲ್ಲಿ ತಾಕುತ್ತವೆ ಎಂಬುದನ್ನು ಹೇಳಬಲ್ಲವನು ಒಕ್ಕಲಿಗನೊಬ್ಬನೇ. ಶಾಸನದ ಅರ್ಧ ಓದು ಪುಸ್ತಕದಲ್ಲಿದೆ, ಇನ್ನರ್ಧ ಕಾಕಾನಂಥವರ ನೆನಪಿನಲ್ಲಿದೆ. ಆ ನೆನಪು ಬರೆದಿಡದೆ ಹೋದರೆ ಅದನ್ನು ಯಾವ ಸಂಪುಟವೂ ತಂದುಕೊಡಲಾರದು. ಆರ್.ವಿ. ಜೋಶಿ ಮಲಪ್ರಭೆಯ ದಂಡೆಗುಂಟ ಅಲೆದು ಆದಿಮಾನವನ ಕಲ್ಲಿನ ಆಯುಧಗಳನ್ನು ಅಭ್ಯಸಿಸಿ 1955ರಲ್ಲಿ ಪುಸ್ತಕ ತಂದರು. ಅಂಥ ಯಾವ ಅಲೆದಾಟವೂ ಊರವರು ದಾರಿ ತೋರಿಸದೆ ನಡೆಯುವುದಿಲ್ಲ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ನಾನೂ ಒಂದೀಟು ಹೇಳಬಲ್ಲೆ ಬಿಡ್ರಿ” ಎಂದರು. ನನಗೆ ಬೇಕಾದದ್ದು ಅದೇ.

ನಾವಿರುವ ಜಾಗವಾದರೂ ಎಂಥದು! ಕನ್ನಡದ ತಿರುಳಿನ ನಾಡು ಎಂದು ಕವಿರಾಜಮಾರ್ಗ ಹೆಸರಿಸುವ ಊರುಗಳಲ್ಲಿ ಕೊಪಣ ಅಂದರೆ ಕೊಪ್ಪಳ ನಮ್ಮ ಒಂದು ಕಡೆ, ಕಿಸುವೊಳಲು ಅಂದರೆ ಪಟ್ಟದಕಲ್ಲು ಇನ್ನೊಂದು ಕಡೆ, ಪುಲಿಗೆರೆ ಅಂದರೆ ಲಕ್ಷ್ಮೇಶ್ವರ ಇದೇ ಗದಗ ಜಿಲ್ಲೆಯಲ್ಲಿ. ಸೂಡಿ ಇದ್ದದ್ದು ಕಿಸುಕಾಡು ಎಪ್ಪತ್ತು ಎಂಬ ನಾಡಿನಲ್ಲಿ. ಅದನ್ನು ಆಳಿದವಳು ಚಾಲುಕ್ಯ ಜಯಸಿಂಹನ ಸೋದರಿ ಅಕ್ಕಾದೇವಿ. ಗೋಕಾಗೆಯ, ಅಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದವಳು ಎಂದು ಅವಳ ಕಾಲದ ಶಾಸನ ಹೇಳುತ್ತದೆ. ನರಗುಂದದ ಕಡೆ ಕೊಣ್ಣೂರಿನಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿನ ಶಾಸನವಿದೆ. ಗಜೇಂದ್ರಗಡದ ಕೋಟೆ, ಕಾಲಕಾಲೇಶ್ವರದ ಅಂತರಗಂಗೆ ಕಣ್ಣಳತೆಯಲ್ಲೇ ಇವೆ. ಮರಾಠರೂ ಟಿಪ್ಪುವೂ 1787ರಲ್ಲಿ ಒಪ್ಪಂದ ಮಾಡಿಕೊಂಡದ್ದು ಗಜೇಂದ್ರಗಡದಲ್ಲೇ. ಇಷ್ಟಿದ್ದೂ ನಮ್ಮ ಮಕ್ಕಳು ಪ್ರವಾಸಕ್ಕೆ ಬಸ್ಸು ಹತ್ತಿ ದೂರ ಹೋಗುತ್ತಾರೆ, ಮಗ್ಗುಲ ಊರಿನ ಗುಡಿ ನೋಡಿರುವುದಿಲ್ಲ.

ನೋಡದಿದ್ದರೆ ಹೋಗಲಿ, ಹಾಳುಮಾಡುವುದು ಎದೆಗೆ ಚುಚ್ಚುತ್ತದೆ. ನಮ್ಮ ಕಡೆ ವೀರಗಲ್ಲಿಗೆ ಭಕ್ತಿಯಿಂದಲೇ ಎಣ್ಣೆ ಸುರಿಯುತ್ತಾರೆ, ಸುಣ್ಣ ಬಳಿಯುತ್ತಾರೆ, ಈಗೀಗ ಆಯಿಲ್ ಪೇಂಟನ್ನೂ ಹಚ್ಚುತ್ತಾರೆ. ಅಕ್ಷರ ಮುಚ್ಚಿಹೋಗುತ್ತದೆ. ಗುಡಿಯ ಜೀರ್ಣೋದ್ಧಾರವೆಂದು ಹಳೆ ಕಂಬ ಕಿತ್ತು ಟೈಲ್ಸ್ ಹಾಕುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು ನಿಧಿಯ ಆಸೆ. ಶಾಸನದ ಕೆಳಗೆ ಹೊನ್ನಿದೆ ಎಂದು ಅಮಾವಾಸ್ಯೆಯ ರಾತ್ರಿ ಅಗೆದು ಕಲ್ಲು ಒಡೆಯುವವರು ಇದ್ದಾರೆ. ಶಾಸನದಲ್ಲಿರುವುದು ಹೊಲ, ಕೆರೆ, ಗುಡಿ, ಸಾಲೆಗಳ ಲೆಕ್ಕ. ಅದೇ ಅದರ ಹೊನ್ನು. ನೆಲದಲ್ಲಿ ಹೂತ ನಿಧಿ ಸಿಕ್ಕರೆ ಸರಕಾರಕ್ಕೆ ತಿಳಿಸಬೇಕೆಂದು 1878ರಿಂದಲೂ ಕಾಯಿದೆಯಿದೆ.

ಆದ್ದರಿಂದ ರಾಜೂರಿನ ಜನರಲ್ಲಿ, ನಮ್ಮ ಸುತ್ತಿನ ಎಲ್ಲ ಊರಿನವರಲ್ಲಿ ನನ್ನ ಕೋರಿಕೆ ಇಷ್ಟು. ನಾವೊಂದು ಮಂಡಳ ಮಾಡೋಣ. ಕಟ್ಟಡ ಬೇಡ, ಬೋರ್ಡು ಬೇಡ, ಅಧ್ಯಕ್ಷಗಿರಿಗೆ ಜಗಳವಂತೂ ಬೇಡವೇ ಬೇಡ. ಒಂದು ದಪ್ಪ ವಹಿ ಸಾಕು. ರವಿವಾರ ಮುಂಜಾನೆ ಸಾಲೆಯ ಹುಡುಗರನ್ನು, ಊರ ಹಿರಿಯರನ್ನು ಕೂಡಿಸಿಕೊಂಡು ಹೊರಡೋಣ. ಕಂಡ ಪ್ರತಿ ಹಳೆಗಲ್ಲು, ಬಾವಿ, ಹಾಳು ಗುಡಿ ಎಲ್ಲಿದೆ, ಯಾರ ಹೊಲದಲ್ಲಿದೆ, ಹಿರಿಯರು ಅದರ ಬಗ್ಗೆ ಏನು ಹೇಳುತ್ತಾರೆ ಎಂದು ಬರೆದಿಡೋಣ. ಓರೆ ಬಿಸಿಲಿನಲ್ಲಿ, ಬೆಳಗ್ಗೆ ಅಥವಾ ಸಂಜೆ, ಫೋಟೊ ತೆಗೆಯೋಣ. ಆಗ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಕಲ್ಲನ್ನು ಸರಿಸುವುದು ಬೇಡ, ಮೊಳೆಯಿಂದ ಕೆರೆಯುವುದು ಬೇಡ, ಅಗೆಯುವುದು ಬೇಡ. ಪಡಿಯಚ್ಚನ್ನು ಬಲ್ಲವರು ಬಂದು ತೆಗೆಯಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಶಾಸನ ಸಂಪುಟಗಳನ್ನು ಜಿಲ್ಲಾವಾರು ತಂದಿದೆ. ನಮಗೆ ಸಿಕ್ಕದ್ದು ಅದರಲ್ಲಿದೆಯೋ ಇಲ್ಲವೋ ನೋಡಿ, ಇಲ್ಲದಿದ್ದರೆ ಅಲ್ಲಿಗೂ ಪುರಾತತ್ವ ಇಲಾಖೆಗೂ ಕಾಗದ ಬರೆಯೋಣ.

ಧಾರವಾಡದವರು 1914ರಲ್ಲಿ ಶುರುಮಾಡಿದ ಕೆಲಸ ಮುಗಿದಿಲ್ಲ, ಊರೂರಿಗೂ ಪಾಲು ಉಳಿದಿದೆ. ಕಾಕಾ ಬರುತ್ತೇನೆ ಎಂದಿದ್ದಾರೆ, ಅವರ ಮೊಮ್ಮಗ ವಹಿ ತರುತ್ತಾನಂತೆ. ನೀವೂ ಬನ್ನಿ.